ನಿಂತ ದನಿ, ಏರುವ ದನಿ

ಗಂಗರತ್ನಮ್ಮ ಹಾಡುವುದನ್ನು ಬಿಟ್ಟಿದ್ದು ತಂಗಿ ಕದಿರಮ್ಮ ಸತ್ತ ವರ್ಷ. ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ. ಬಾಯಿ ತೆರೆದರೆ ಹಾಡು ಅರ್ಧಕ್ಕೇ ನಿಂತುಬಿಡುತ್ತಿತ್ತು, ಅಷ್ಟೆ.

ಬಂಗಾರಪೇಟೆಯಲ್ಲಿ ಹುಡುಗಿಯರಾಗಿದ್ದಾಗ ಇವರಿಬ್ಬರನ್ನು ಕರೆಯದೆ ಅವರ ಬೀದಿಯಲ್ಲಿ ಯಾರೂ ಮದುವೆಯ ಹಸೆ ಬರೆಯುತ್ತಿರಲಿಲ್ಲ. ಶಾಸ್ತ್ರದ ಹಾಡುಗಳು ಮುಗಿದ ಮೇಲೆ ಹೆಂಗಸರು, "ಆ ಟಾಕಿ ಹಾಡು ಯೋಳ್ರಮ್ಮಿ" ಎಂದು ಪೀಡಿಸುವರು. ಆಗಲೇ ಹಳೆಯದಾಗಿ ಊರಿಗೆಲ್ಲ ಬಾಯಿಪಾಠವಾಗಿದ್ದ ಸಿನಿಮಾ ಹಾಡು ಅದು. ಚರಣದಲ್ಲಿ ಒಂದು ಕಡೆ ದನಿ ಬಹಳ ಮೇಲಕ್ಕೆ ಏರಬೇಕು. ಅಕ್ಕನ ಗಂಟಲು ಅಲ್ಲಿಗೆ ಏರುತ್ತಿರಲಿಲ್ಲ. ಅವಳು ಕೆಳಗೇ ಒಂದು ಸ್ವರ ಹಿಡಿದು ನಿಂತುಕೊಳ್ಳುವಳು. ತಂಗಿ ಅದೇ ಸ್ವರದ ಮಗ್ಗುಲಿಂದ ಹೊರಟು ಏರಿಹೋಗುವಳು. ಯಾರೂ ಕಲಿಸಿದ್ದಲ್ಲ, ಆಗದ್ದನ್ನು ಮುಚ್ಚಿಕೊಳ್ಳಲು ಮಾಡಿಕೊಂಡ ಉಪಾಯ. ಆದರೆ ಅಲ್ಲಿಗೆ ಬಂದಾಗ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಮುದುಕಿಯರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಕದಿರಮ್ಮನನ್ನು ಬೂದಿಕೋಟೆಗೆ ಕೊಟ್ಟರು. ಚೊಚ್ಚಲ ಹೆರಿಗೆ ಕಷ್ಟವಾಗಿ, ಗಾಡಿ ಕಟ್ಟಿಕೊಂಡು ಬಂಗಾರಪೇಟೆಗೆ ಬರುವಾಗ ದಾರಿಯಲ್ಲೇ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅಷ್ಟರಲ್ಲಿ ಗಂಗರತ್ನಮ್ಮ ಮದುವೆಯಾಗಿ ಊರಿಗಾಂನ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗೆ ಬಂದಿದ್ದಳು. ಗಂಡ ಜಯರಾಮಪ್ಪ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರು. ರಾಗಿ ಬೀಸುವಾಗ ಅಭ್ಯಾಸದ ಮೇಲೆ ಆ ಹಾಡು ಬಾಯಿಗೆ ಬಂದರೆ, ಚರಣದ ಆ ಜಾಗದಲ್ಲಿ ಇವಳು ನಿಂತುಕೊಳ್ಳುವಳು. ಏರುವವಳು ಇರಲಿಲ್ಲ. ಬರೀ ನಿಂತ ಸ್ವರ ಹಾಡಾಗುವುದಿಲ್ಲವಲ್ಲ.

ಸಾವಿರದ ಒಂಬೈನೂರ ಅರವತ್ತೊಂದೋ ಅರವತ್ತೆರಡೋ ಇಸವಿ ಇರಬೇಕು. ಗಣಿಯಲ್ಲಿ ಫೋರ್‌ಮನ್ ಆಗಿದ್ದ ಡೆಸ್ಮಂಡ್ ಎಂಬ ಆಂಗ್ಲೋ ಇಂಡಿಯನ್ ದೊರೆಯ ಹತ್ತಿರ ಒಂದು ಸ್ಟೀಲ್ ಗಿಟಾರ್ ಇತ್ತು. ಮೇಜಿನ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ಬಾರಿಸುವ ವಾದ್ಯ. ಬೇಕಾದ ತಂತಿಯ ಸ್ವರವನ್ನಷ್ಟೇ ಏರಿಸಲು ಕಾಲಲ್ಲಿ ಒತ್ತುವ ಪೆಡಲು ಬೇಕೆಂದು ಅವನಿಗೆ ಹುಚ್ಚು ಹತ್ತಿತು. ಯಾವುದೋ ಪತ್ರಿಕೆಯ ಚಿತ್ರ ತೋರಿಸಿ ಜಯರಾಮಪ್ಪನ ಕೈಲಿ ಸರಳು, ಸ್ಪ್ರಿಂಗು ಕೂಡಿಸಿ ಮಾಡಿಸಿಕೊಂಡ.

"ನಾನು ಮಾಡಿದ್ದು ಎಂಗೈತೆ ನೋಡ್ಬಾರಮ್ಮಿ," ಎಂದು ಜಯರಾಮಪ್ಪ ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಬಂಗಲೆಗೆ ಕರೆದುಕೊಂಡು ಹೋದ. ಅವಳು ಜಗಲಿಯ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಳು. ಡೆಸ್ಮಂಡ್ ಮೊದಲು ಇಂಗ್ಲಿಷ್ ಹಾಡುಗಳನ್ನು ಬಾರಿಸಿದ. ಅವು ಅವಳಿಗೆ ಹತ್ತಲಿಲ್ಲ. ಆಮೇಲೆ, "ಇದು ತೆರಿಯುಮಾ? ಗೊತ್ತಾ ನಿಮಗೆ?" ಎಂದು ನಗುತ್ತ ಆ ಹಳೆಯ ಟಾಕಿ ಹಾಡನ್ನು ಎತ್ತಿಕೊಂಡ.

ಮಾತಿಲ್ಲದೆಯೂ ಹಾಡು ಗುರುತು ಸಿಕ್ಕಿತು. ಪಲ್ಲವಿಯಲ್ಲಿ ತಂತಿ ಗಂಟಲಿನ ಹಾಗೇ ಜಾರುತ್ತಿತ್ತು. ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಚರಣ ಬಂತು. ಡೆಸ್ಮಂಡ್ ಪೆಡಲು ಒತ್ತಿದ. ಒಂದು ತಂತಿ ಇದ್ದಲ್ಲೇ ನಿಂತಿತು. ಅದರ ಮಗ್ಗುಲಿಂದ ಇನ್ನೊಂದು ಮೆಲ್ಲಗೆ ಮೇಲೇರಿ, ತುದಿಯಲ್ಲಿ ಒಂದಿಷ್ಟು ನಡುಗಿ, ಅಲ್ಲೇ ಉಳಿಯಿತು.

ಗಂಗರತ್ನಮ್ಮ ಮೆಟ್ಟಿಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಡು ಮುಗಿದಾಗ ಜಯರಾಮಪ್ಪ ತನ್ನ ಸ್ಪ್ರಿಂಗುಗಳ ಬಗ್ಗೆ ಏನೋ ಕೇಳುತ್ತಿದ್ದ. ಅವಳು ನಡುವೆ ಬಾಯಿ ಹಾಕಿದಳು.

"ದೊರೆ, ಇನ್ನೊಂದ್ಸಲ. ಆ ಕಾಲು ಒತ್ತಿದ್ರಲ್ಲ, ಅದು."

ಅವನು ಮತ್ತೆ ಬಾರಿಸಿದ. ಆ ವರ್ಷವೆಲ್ಲ ಭಾನುವಾರ ಬಂದರೆ ಅವಳು ಮೆಟ್ಟಿಲ ಮೇಲಿರುತ್ತಿದ್ದಳು. ಲೈನಿನವರು ಆಡಿಕೊಂಡರು. ಜಯರಾಮಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗೆ ಬಂದು ಮುದ್ದೆ ತಿರುವುವಾಗ ಅವಳ ಮುಖ ಹಗುರವಾಗಿರುವುದನ್ನು ಅವನು ಕಂಡಿದ್ದ.

ಆಮೇಲೆ ಡೆಸ್ಮಂಡ್ ಸಂಸಾರ ಆಸ್ಟ್ರೇಲಿಯಾಕ್ಕೆ ಹೊರಟಿತು. ಆಂಗ್ಲೋ ಇಂಡಿಯನ್ನರು ಒಬ್ಬೊಬ್ಬರಾಗಿ ದೇಶ ಬಿಟ್ಟು ಹೋಗುತ್ತಿದ್ದ ಕಾಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವರು ಮದರಾಸಿನ ರೈಲಿಗೆ ಕಾಯುತ್ತಿದ್ದಾಗ ಜಯರಾಮಪ್ಪ, ಗಂಗರತ್ನಮ್ಮ ಹೋಗಿ ನಿಂತರು. ಗಿಟಾರ್ ಇದ್ದ ಪೆಟ್ಟಿಗೆಗೆ ಮೊಳೆ ಬಡಿದಾಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ರೆಕಾರ್ಡ್ ಮಾಡಿ ಕಳಿಸ್ತೀನಮ್ಮಾ, ಖಂಡಿತಾ," ಎಂದ ಡೆಸ್ಮಂಡ್.

ಏನೂ ಬರಲಿಲ್ಲ. ಬಂದಿದ್ದರೂ ಹಾಕಿ ಕೇಳಲು ಅವರ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಜಯರಾಮಪ್ಪ ಹಲಗೆಯೊಂದಕ್ಕೆ ತಂತಿ ಬಿಗಿದು, ಸರಳು ಕೂಡಿಸಿ, ಕೆಲಸ ಮುಗಿಸಿ ಬಂದ ಮೇಲೆ ಕೂತು ಜಾರಿಸಿ ನೋಡಿದ. ಅದು ಶಿಫ್ಟು ಬಿಡುವಾಗಿನ ಸೈರನ್ನಿನ ಹಾಗೆ ಊಳಿಟ್ಟಿತು. ನಡುನಡುವೆ ಅವನಿಗೆ ಕೆಮ್ಮು ಬರುತ್ತಿತ್ತು.

"ಬುಡಯ್ಯ, ಸಾಕು," ಎಂದಳು ಗಂಗರತ್ನಮ್ಮ. "ಕಬ್ಬಿಣ ನಿಂದು. ಕೈ ಅವಂದು."

ಕೆಲವು ವರ್ಷಗಳಾದ ಮೇಲೆ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಗ, ಟೀ ಅಂಗಡಿಯ ರೇಡಿಯೋದಲ್ಲಿ ಆ ಹಾಡು ಬಂತು. ಟಾಕಿಯಲ್ಲಿ ಹಾಡಿದಾಕೆಯ ದನಿಯೇ, ಮಾತು ಸಮೇತ. ಗಂಗರತ್ನಮ್ಮ ಕಿವಿಗೊಟ್ಟು ಕೇಳಿದಳು. ಚರಣದಲ್ಲಿ ಆ ಹೆಂಗಸು ಒಬ್ಬಳೇ ಏರಿ ಒಬ್ಬಳೇ ಇಳಿದಳು. ಇದಲ್ಲ ಎನ್ನಿಸಿತು. ಕಣ್ಣು ಮುಚ್ಚಿ, ತಂಗಿಯ ದನಿಯನ್ನು ಅಲ್ಲಿಗೆ ಕರೆಯಲು ನೋಡಿದಳು. ಬಂದದ್ದು ತಂತಿಯ ದನಿ. ಮತ್ತೆ ಕರೆದರೂ ತಂತಿಯೇ ಬಂತು. ತಂಗಿ ಕದಿರಿ ಏರುವ ಮುಂಚೆ ಉಸಿರು ಎಳೆದುಕೊಳ್ಳುತ್ತಿದ್ದಳು, ಅದು ಗೊತ್ತಿತ್ತು. ಆದರೆ ಆ ಉಸಿರಿನಿಂದಾಚೆಗೆ ಹೊರಡುತ್ತಿದ್ದುದು ಉಕ್ಕಿನ ಕೂಗು, ಹೆಣ್ಣಿನದಲ್ಲ.

ಬಿಂದಿಗೆ ಅರ್ಧ ತುಂಬಿಸಿಕೊಂಡೇ ಮನೆಗೆ ಬಂದಳು. ಜಯರಾಮಪ್ಪ ಕೆಮ್ಮಿ ಸುಸ್ತಾಗಿ ಗೋಡೆಗೆ ಒರಗಿದ್ದ.

"ಅಯ್ಯಾ, ನಮ್ ಕದಿರಿ ದನಿ ಎಂಗಿತ್ತು? ಗ್ಯಾಪಕ ಐತಾ?"

"ಚೆಂದಾಗಿತ್ತು ಕಣಮ್ಮಿ."

"ಚೆಂದಾಗಿತ್ತು, ಸರಿ. ಎಂಗಿತ್ತು?"

ಅವನು ತನ್ನ ಮದುವೆಯ ಹಸೆಯ ಮುಂದೆ ಒಂದು ಸಲ ಕೇಳಿದ್ದ, ಅಷ್ಟೆ. ಹೆಂಡತಿಗೆ ಸಮಾಧಾನವಾಗಲಿ ಎಂದೇ ಹೇಳಿದ:

"ಆ ದೊರೆ ಬಾರುಸ್ತಿದ್ನಲ್ಲ, ಅಂಗೇ."

ಗಂಗರತ್ನಮ್ಮ ಊಂ ಎಂದಳು. ಒಲೆಯ ಮುಂದೆ ಕೂತು, ಉರಿಯದ ಸೌದೆಯನ್ನು ಊದತೊಡಗಿದಳು.