ಎಡ್ನಾ ಅಳದೆ ಉಳಿದ ಐದು ಸೆಕೆಂಡು

ಎಡ್ನಾ ಪೆಂಗೆಲಿ ಬರೆದ ಮೂವತ್ತೊಂದು ನಾಟಕಗಳು ಸಿಡ್ನಿಯ ರೇಡಿಯೋದಲ್ಲಿ ಬಂದಿದ್ದವು. ಆದರೂ ಸ್ಟುಡಿಯೋದ ಮೆಟ್ಟಿಲು ಹತ್ತಿದರೆ ಸಾಕು, ಬಾಗಿಲು ಕಾಯುವವನಿಂದ ಹಿಡಿದು ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಕೂಸು’ ಎಂದೇ.

ನಾಟಕ ಆಡುತ್ತಿರುವಾಗಲೇ ಊರಿಗೆಲ್ಲ ಕೇಳಿಸುತ್ತಿದ್ದ ಕಾಲ ಅದು. ನಿಜವಾದ ಮಗುವನ್ನು ಮೈಕಿನ ಮುಂದೆ ತಂದರೆ ಅಳಬೇಕಾದಾಗ ನಿದ್ದೆ ಹೋಗುತ್ತದೆ. ಅದಕ್ಕೇ ಮಗುವಿನ ಹಾಗೆ ಅಳುವುದಕ್ಕೆಂದು ದೊಡ್ಡ ಹೆಂಗಸರಿರುತ್ತಿದ್ದರು. ಎಡ್ನಾ ಹತ್ತೊಂಬತ್ತರಲ್ಲೇ ಆ ಕೆಲಸಕ್ಕೆ ಸೇರಿದವಳು. ಪುಟ್ಟ ದಿಂಬಿಗೆ ಬಾಯಿ ಒತ್ತಿ ಅತ್ತಳೆಂದರೆ ಹಸಿವಿನ ಅಳು ಬೇರೆ, ಹಲ್ಲು ಬರುವಾಗಿನ ಅಳು ಬೇರೆ. ತನ್ನ ಸರದಿಗೆ ಕಾಯುತ್ತ ಕೂತು ಕೂತು ನಾಟಕ ಕಟ್ಟುವುದನ್ನೂ ಕಲಿತಳು. ಗಂಡ ಕ್ಲೆಮ್ ಟ್ರಾಮಿನಲ್ಲಿ ಕಂಡಕ್ಟರು. ಮದುವೆಯಾಗಿ ಮಗಳು ಬೆರಿಲ್ ಹುಟ್ಟಿದ ಮೇಲೂ ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು, ಒಂದು ಕಿವಿ ತೊಟ್ಟಿಲ ಕಡೆಗಿಟ್ಟು, ಬರೆಯುತ್ತಲೇ ಇದ್ದಳು. ಮಗು ಕೆಮ್ಮಿದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಮೂವತ್ತೇಳನೆಯ ಇಸವಿಯಲ್ಲಿ ಲೋರ್ನಾ ಟ್ವೀಡಿ ಬಂದಳು. ಇಪ್ಪತ್ತಮೂರು ವರ್ಷ, ಡಾಕ್ಟರ ಮಗಳು, ಕೈಗೆ ಬಿಳಿ ಗವಸು. ಬರೆದದ್ದು ಒಂದೇ ನಾಟಕ.

ನಾಟಕ ಆಡಿಸುವ ಗ್ಯಾಫ್ನಿ ಎಡ್ನಾಳನ್ನು ಕರೆದು ಹೇಳಿದ: “ನೋಡು ಕೂಸು, ಬುಧವಾರ ಸಂಜೆ ಎಂಟರ ನಾಟಕ ಇನ್ಮೇಲೆ ಒಬ್ಬರಿಗೇ. ಹೋದ ವಾರ ನಿಂದಾಯ್ತು, ಈ ವಾರ ಅವಳದ್ದು. ಕೇಳಿದ ಜನರಿಂದ ಯಾರಿಗೆ ಜಾಸ್ತಿ ಕಾಗದ ಬರುತ್ತೋ ಬುಧವಾರ ಅವರದ್ದು.”

ಎಡ್ನಾಳ ನಾಟಕಕ್ಕೆ ನಲವತ್ತೆರಡು ಕಾಗದ ಬಂದಿದ್ದವು. ಕಡಿಮೆಯೇನಲ್ಲ. ಬುಧವಾರ ಕೈಗೆ ಬಂದರೆ ವಾರವಾರವೂ ಅವಳ ಹೆಸರು ಊರಿನ ಕಿವಿಗೆ ಬೀಳುತ್ತದೆ. ಆಮೇಲೆ ಯಾರು ಕೂಸು ಅನ್ನುತ್ತಾರೆ, ನೋಡೋಣ!

ಆಗ ಲೋರ್ನಾ ಗವಸು ಬಿಚ್ಚುತ್ತ ಹತ್ತಿರ ಬಂದಳು. “ಎಡ್ನಾ ಅಕ್ಕಾ, ನನ್ನ ನಾಟಕದ ಕೊನೇಲಿ ಮಗು ಅಳಬೇಕು. ನೀವೇ ಅಳಬೇಕು. ನಿಮ್ಮ ಥರ ಯಾರೂ ಅಳಲ್ವಂತೆ.”

“ಹೂಂ, ಅದಕ್ಕೇ ಹುಟ್ಟಿದೀನಿ ನಾನು,” ಅಂದಳು ಎಡ್ನಾ.

ಹಾಳೆಗಳನ್ನು ಮನೆಗೆ ತಂದು ಓದಿದಳು. ಕಡಲ ನಡುವಿನ ದೀಪಸ್ತಂಭ ಕಾಯುವವನ ಹೆಂಡತಿಗೆ ಬಿರುಗಾಳಿಯಲ್ಲಿ ಹೆರಿಗೆ, ಡಾಕ್ಟರ ದೋಣಿ ಬರುವುದಿಲ್ಲ, ಗಾಳಿ ನಿಲ್ಲುತ್ತದೆ, ಮಗು ಅಳುತ್ತದೆ. ಇಷ್ಟೇ ಕಥೆ. ಆದರೆ ಹೆತ್ತವಳು ಮಗುವಿನ ಮುಖಕ್ಕಿಂತ ಮೊದಲು ಕತ್ತಲಲ್ಲಿ ಅದರ ಬೆರಳು ಎಣಿಸುತ್ತಾಳೆ ಎಂದು ಒಂದು ಕಡೆ ಬರೆದಿತ್ತು. ಎಡ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಬೆರಿಲ್ ಹುಟ್ಟಿದಾಗ ಅವಳು ಮಾಡಿದ್ದೂ ಅದನ್ನೇ. ಹೆತ್ತವಳು ತಾನು, ನಿದ್ದೆಗೆಟ್ಟವಳು ತಾನು. ಮದುವೆಯೂ ಆಗದ ಆ ಹುಡುಗಿಗೆ ಇದು ಹೊಳೆದದ್ದು ಹೇಗೆ? ಮೂವತ್ತೊಂದು ನಾಟಕಗಳಲ್ಲಿ ತನಗೇಕೆ ಹೊಳೆಯಲಿಲ್ಲ?

“ಚೆನ್ನಾಗಿದ್ಯಾ?” ಎಂದು ಕೇಳಿದ ಕ್ಲೆಮ್, ಬ್ರೆಡ್ಡಿಗೆ ಪಾಕ ಸುರಿಯುತ್ತ.

“ಗವಸು ಚೆನ್ನಾಗಿದೆ,” ಅಂದಳು.

ಬುಧವಾರ ಬಂತು. ಮಧ್ಯಾಹ್ನದ ತಾಲೀಮಿನಲ್ಲಿ ಎಡ್ನಾ ಚೊಕ್ಕವಾಗಿ ಅತ್ತಳು. ಸಂಜೆ ಎಂಟಕ್ಕೆ, ಪ್ರಸಾರ ಶುರುವಾಯಿತೆನ್ನುವ ಕೆಂಪು ದೀಪ ಹೊತ್ತಿತು. ತಾಯಿಯ ಪಾತ್ರದ ಮಿಸೆಸ್ ಸ್ಟ್ಯಾನಿಂಗ್ ನರಳಿದಳು, ಬಿರುಗಾಳಿಯ ಸದ್ದಿಗೆಂದು ತಗಡು ಅಲುಗಾಡಿಸುತ್ತಿದ್ದವನು ಗಾಳಿ ನಿಲ್ಲಿಸಿದ. ಗಾಜಿನಾಚೆಯಿಂದ ಗ್ಯಾಫ್ನಿ ಎಡ್ನಾಳ ಕಡೆ ಬೆರಳು ತೋರಿಸಿದ: ಅಳು.

ಎಡ್ನಾ ದಿಂಬನ್ನು ಬಾಯಿಗೊತ್ತಿಕೊಂಡು ಸುಮ್ಮನೆ ನಿಂತಳು.

ಒಂದು ಸೆಕೆಂಡು. ಎರಡು. ರೇಡಿಯೋದಲ್ಲಿ ಎರಡು ಸೆಕೆಂಡು ಸದ್ದಿಲ್ಲದಿದ್ದರೆ ಜನ ಪೆಟ್ಟಿಗೆಗೆ ಗುದ್ದಲು ಏಳುತ್ತಾರೆ. ಗ್ಯಾಫ್ನಿಯ ಬೆರಳು ಗಾಳಿಯನ್ನು ತಿವಿಯತೊಡಗಿತು. ಲೋರ್ನಾಳ ಮುಖ ಗವಸಿಗಿಂತ ಬಿಳಿಯಾಯಿತು. ಹಾಳಾಗಲಿ, ಅಂದುಕೊಂಡಳು ಎಡ್ನಾ. ಮೂರು.

ಆಗ ಮಿಸೆಸ್ ಸ್ಟ್ಯಾನಿಂಗ್, ಹಾಳೆಯಲ್ಲಿಲ್ಲದ ಮಾತನ್ನು, ಬರೀ ಉಸಿರಿನಲ್ಲಿ ಆಡಿದಳು: “ಯಾಕೆ ಅಳ್ತಿಲ್ಲ... ಅಳು ಕಂದಾ. ಅಳು.”

ಬೆರಿಲ್ ಕೂಡ ಹುಟ್ಟಿದೊಡನೆ ಅತ್ತಿರಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ತಟ್ಟುವಾಗ ಎಡ್ನಾ ಬೇಡಿಕೊಂಡದ್ದೂ ಇದೇ ಮಾತಿನಲ್ಲಿ. ನಾಲ್ಕು. ಐದು. ಅವಳನ್ನು ಕೇಳದೆಯೇ ಅವಳ ಗಂಟಲಿನಿಂದ ಅಳು ಕಿತ್ತುಕೊಂಡು ಬಂತು. ಅಂಥದ್ದನ್ನು ಅವಳು ಅದುವರೆಗೆ ಅತ್ತಿರಲೇ ಇಲ್ಲ. ತಗಡಿನವನು ತೋಳಿನಿಂದ ಕಣ್ಣೊರೆಸಿಕೊಂಡ.

ಕೆಂಪು ದೀಪ ಆರಿದ ಮೇಲೆ ಲೋರ್ನಾ ಓಡಿಬಂದು ಅವಳ ಕೈ ಹಿಡಿದಳು. “ಬೇಕಂತಲೇ ಮಾಡಿದ್ರಿ ಅಲ್ವಾ?”

“ಹೌದು.”

“ಯಾಕೆ?”

“ನಿನ್ನ ನಾಟಕ ಕೆಡಲಿ ಅಂತ.”

ಲೋರ್ನಾ ಗೊಳ್ಳೆಂದು ನಕ್ಕಳು. “ಅಯ್ಯೋ, ತಮಾಷೆ ನೋಡಿ ಇವರದ್ದು!”

ಮನೆಯಲ್ಲಿ ಅತ್ತೆ ಬೆರಿಲ್‌ಳನ್ನು ಮಡಿಲಲ್ಲಿಟ್ಟುಕೊಂಡು ತನ್ನ ಮೂಗು ಒರೆಸಿಕೊಳ್ಳುತ್ತಿದ್ದಳು. ಮಗುವಿನ ಹಣೆ ಬೆಚ್ಚಗಿದೆಯೇ ಎಂದು ಎಡ್ನಾ ಮೊದಲು ಮುಟ್ಟಿ ನೋಡಿದಳು. ಇರಲಿಲ್ಲ.

“ನಾಟಕ ಕೇಳ್ತಾ ಕೇಳ್ತಾ ಹೆಣಿಗೆ ಅಲ್ಲೇ ನಿಂತುಹೋಯ್ತು ಕಣೇ,” ಅಂದಳು ಅತ್ತೆ. “ಮಗು ಹೋಯ್ತು ಅಂತಲೇ ಅಂದ್ಕೊಂಡೆ. ಏನು ಬರೀತಾಳಮ್ಮ ಆ ಹುಡುಗಿ! ನಿಂಗೂ ಅಂಥದ್ದೊಂದು ಬರೆಯೋಕೆ ಬಾರದೇ?”

ಮುನ್ನೂರಕ್ಕೂ ಮೇಲೆ ಕಾಗದ ಬಂದವು. ಬರೆದವರೆಲ್ಲ ತಾಯಂದಿರು, ಎಲ್ಲರೂ ಹೊಗಳಿದ್ದು ಆ ಐದು ಸೆಕೆಂಡುಗಳನ್ನು. ಬುಧವಾರ ಲೋರ್ನಾಳದಾಯಿತು. ಎಡ್ನಾಳಿಗೆ ಉಳಿದದ್ದು ಬೆಳಗಿನ ಹತ್ತೂವರೆಯ ಧಾರಾವಾಹಿ. ಇಸ್ತ್ರಿ ಹಾಕುತ್ತ ಕೇಳುವ ಹೆಂಗಸರಿಗಾಗಿ ಅವಳು ಹದಿನಾಲ್ಕು ವರ್ಷ ಅದನ್ನು ಬರೆದಳು. ಅದರಲ್ಲಿ ಎಂಟು ಮದುವೆಗಳಾದವು. ಒಂದು ಮಗುವೂ ಹುಟ್ಟಲಿಲ್ಲ.

ಜನ ಮತ್ತೆ ಬೇಕೆಂದರೆಂದು, ಆ ಮೊದಲ ಪ್ರಸಾರದ ಮರುವರ್ಷವೇ ದೀಪಸ್ತಂಭದ ನಾಟಕವನ್ನು ಮತ್ತೆ ಆಡಿದರು. ಹೊಸ ಹಾಳೆಯಲ್ಲಿ ಲೋರ್ನಾ ಟೈಪ್ ಮಾಡಿಸಿದ್ದಳು: ‘ಮಗು ಐದು ಸೆಕೆಂಡು ಅಳುವುದಿಲ್ಲ.’ ಎಡ್ನಾ ಅದನ್ನು ಎರಡು ಸಲ ಓದಿಕೊಂಡಳು. ಎಡ್ನಾಳ ಹೊಟ್ಟೆಕಿಚ್ಚನ್ನೂ ಆ ಹುಡುಗಿ ತನ್ನ ಹೆಸರಿಗೆ ಬರೆದುಕೊಂಡಿದ್ದಳು. ಗಾಜಿನಾಚೆ ಗ್ಯಾಫ್ನಿ ಒಂದೊಂದೇ ಬೆರಳು ಮಡಚಿದ. ಐದನೆಯದು ಮಡಚುತ್ತಲೇ ಎಡ್ನಾ ಅತ್ತಳು, ಹಲ್ಲು ಬರುವಾಗಿನ ಆ ಹಳೆಯ ಅಳುವನ್ನು, ಹಾಳೆಯಲ್ಲಿದ್ದಷ್ಟೇ, ಒಂದು ಹನಿಯೂ ಹೆಚ್ಚಿಲ್ಲದೆ.

ಆ ಸಲ ಒಂಬತ್ತು ಕಾಗದ ಬಂದವು.

“ಏನೋ ಕಡಿಮೆಯಾಯ್ತು ಕೂಸು,” ಅಂದ ಗ್ಯಾಫ್ನಿ.

“ಬರವಣಿಗೆ ಇರಬೇಕು,” ಅಂದು ಎಡ್ನಾ ಟೋಪಿ ಸರಿಮಾಡಿಕೊಂಡು ಟ್ರಾಮ್ ಹಿಡಿಯಲು ಹೊರಟಳು.