ಹೊರಗಿನವರಿಗೊಂದು ವೈಫೈ

ಗೆಳೆಯರೇ, ಇಳಕಲ್ಲಿನಲ್ಲಿ ವೈಫೈಗೆ ಬೀಗ ಹಾಕುವುದು ಎಷ್ಟು ಕಷ್ಟ ಎಂದು ಇವತ್ತು ತಿಳಿಯಿತು.

ಹಸನಸಾಬರ ಸೀರೆ ಅಂಗಡಿಯಲ್ಲಿ ಬಿಲ್ಲಿನ ಕಂಪ್ಯೂಟರ್ ನಿಂತುಬಿಟ್ಟಿತ್ತು. ಮದುವೆ ಜವಳಿಗೆ ಬಂದ ಕಮತಗಿ ಊರಿನವರು ಬಸ್ ತಪ್ಪುತ್ತದೆ ಎಂದು ಚಡಪಡಿಸುತ್ತಿದ್ದರು. ನೋಡಿದರೆ ಇಡೀ ಓಣಿ ಅಂಗಡಿಯ ವೈಫೈಯಲ್ಲೇ ಕ್ರಿಕೆಟ್ ನೋಡುತ್ತಿತ್ತು.

ಇಂಥದ್ದನ್ನು ಸರಿಮಾಡುವುದೇ ನನ್ನ ಕೆಲಸ. ಹಳೆಯ ಪಾಸ್‌ವರ್ಡ್ ತೆಗೆದು, ಬೇರೆ ಬೇರೆ ಪಾಸ್‌ವರ್ಡ್ ಇಟ್ಟು ಎರಡು ವೈಫೈ ಮಾಡಿದೆ. "ಸಾಬ್ರ, ಒಂದು ಪಡಸಾಲಿ ಇದ್ದಂಗ, ಹೊರಗಿನವರಿಗೆ ಕೊಡ್ರಿ. ಇನ್ನೊಂದು ಒಳಗಿನ ಖೋಲಿ. ಅದು ಬಿಲ್ಲಿಗೆ, ಮನಿ ಮಂದಿಗೆ ಅಷ್ಟ."

"ಭಾಳ ಚಲೋ ಆತು ತಮ್ಮಾ. ಚಾ ಕುಡಿ."

ಬಿಲ್ ಶುರುವಾಯಿತು. ಚಹಾ ಮುಗಿಯುವಷ್ಟರಲ್ಲಿ ಅರ್ಧಕ್ಕೆ ನಿಂತಿತು. ಓಣಿಯ ಮಂದಿಯೆಲ್ಲ ಒಳಗಿನ ಖೋಲಿಯಲ್ಲಿದ್ದರು.

"ಕಟಿಂಗ್ ಅಂಗಡಿ ಬಸಣ್ಣಗ ಒಳಗಿನ ಪಾಸ್‌ವರ್ಡ್ ಯಾಕ ಕೊಟ್ರಿ?"

"ಬಸಣ್ಣ ಹೊರಗಿನಾಂವೇನೋ? ನನ್ನ ಮಗಳ ನಿಖಾದಾಗ ಮುಂದ ನಿಂತು ಊಟಕ್ಕ ಬಡಿಸಿದಾಂವ."

"ಬಳಿ ಅಂಗಡಿ ಅಕ್ಕಾರಿಗೆ?"

"ಅಕಿ ಪ್ರತಿ ವರ್ಷ ನನಗ ರಾಖಿ ಕಟ್ತಾಳ."

ಕಮತಗಿಯ ಅಜ್ಜಿ ನಕ್ಕು ಕೇಳಿದಳು, "ಹಂಗಾರ ಪಡಸಾಲ್ಯಾಗ ಯಾರ ಕುಂತಾರ?"

ನೋಡಿದೆ. ನನ್ನ ಫೋನ್ ಒಂದೇ ಇತ್ತು.

ಕೊನೆಗೆ ಬಿಲ್ಲಿನ ಕಂಪ್ಯೂಟರಿಗೆ ನೇರ ವೈರ್ ಎಳೆದು, ವೈಫೈಯ ವೇಗ ಇಳಿಸಿ, ಎರಡನ್ನೂ ಓಣಿಗೆ ಬಿಟ್ಟೆ. ಬಿಲ್ ಪೂರ್ತಿ ಬಂತು. ಕಮತಗಿಯವರಿಗೆ ಬಸ್ ಸಿಕ್ಕಿತು.

ನಾನು ಹೊರಡುವಾಗ ಹಸನಸಾಬರು ಪಕ್ಕಕ್ಕೆ ಕರೆದು, "ನೀನೂ ಇನ್ನ ನಮ್ಮಾಂವನ," ಎಂದು ಒಳಗಿನ ಖೋಲಿಯ ಪಾಸ್‌ವರ್ಡನ್ನು ನನ್ನ ಕಿವಿಯಲ್ಲಿ ಹೇಳಿದರು. ಅದನ್ನು ಇಟ್ಟವನು ನಾನೇ ಎಂದು ನೆನಪಿಸಲು ಮನಸ್ಸಾಗಲಿಲ್ಲ.