ಕಾಡಿಗೆ ಬೆನ್ನಾದ ಕಲ್ಲು

ಹಂಗಳದಿಂದ ಆಚೆ, ಕಾಡಿನ ಅಂಚಿನಲ್ಲಿ ನಮ್ಮ ಊರು. ಅಲ್ಲಿ ಮೊದಲು ಪೊದೆ ಕಡಿದು ಮನೆ ಕಟ್ಟಿದವರು ನನ್ನ ಗಂಡನ ವಂಶದ ಹಿರಿಯರಂತೆ. ದನ ಕಾಯುತ್ತಾ ಹುಲಿಗೆ ಎದುರು ನಿಂತು ಸತ್ತ ಅವರ ವೀರಗಲ್ಲು ನಮ್ಮ ಹೊಲದ ಬದುವಿನಲ್ಲಿದೆ, ಕಾಡಿನ ಕಡೆ ಮುಖ ಮಾಡಿಕೊಂಡು. ಬಿತ್ತನೆಗೆ ಮುಂಚೆ ಅದಕ್ಕೆ ಹಾಲೆರೆಯುವುದು ಮನೆಯ ಹೆಂಗಸರ ಕೆಲಸ.

ಹೋದ ವಾರ, ಊರಿನ ಚರಿತ್ರೆ ಬರೆಯುತ್ತಿರುವ ಮೇಷ್ಟ್ರೊಬ್ಬರು ಕಲ್ಲಿನ ಫೋಟೋ ತೆಗೆಯಲು ಬರುತ್ತೇನೆಂದರು. ಮುಖಕ್ಕೆ ಬೆಳಕು ಬೀಳಲಿ ಎಂದು ನನ್ನ ಗಂಡ ಅದನ್ನು ಕಿತ್ತು, ಊರಿನ ಕಡೆ ತಿರುಗಿಸಿ ನೆಟ್ಟರು.

"ಕಾಯೋ ತಾತುಂಗೆ ಕಾಡ್ಗೆ ಬೆನ್ನಾಕಿಸ್ಬುಟ್ಟಲ್ಲಾ! ಈಗ್ಲೇ ಓಗಿ ತಿರುಗ್ಸು ಕಣ್ಲಾ," ಎಂದರು ಅತ್ತೆ.

"ಮೇಷ್ಟ್ರು ಬಂದೋಗ್ಲಿ ಸುಮ್ಕಿರವ್ವ. ಅಲ್ಲೀಗಂಟ ತಾತ ಏನು ಬಸ್ಸತ್ಕೊಂಡು ಓಗ್ಬುಟ್ಟಾನಾ?"

ಮೂರನೆಯ ದಿನ ಬೆಳಿಗ್ಗೆ ಹೊಲಕ್ಕೆ ನೀರು ಕಟ್ಟಲು ಹೋದ ನನ್ನ ಗಂಡ ಊಟದ ಹೊತ್ತಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ದೇವರಿಗೆ ದೀಪ ಹಚ್ಚಿಟ್ಟು ನಾನೇ ಹೊರಟೆ. ಹೊಲದ ಒದ್ದೆ ಮಣ್ಣಿನಲ್ಲಿ ಅವರ ಚಪ್ಪಲಿ ಗುರುತಿತ್ತು. ಅದನ್ನು ತುಳಿದುಕೊಂಡೇ ನನ್ನ ಅಂಗೈಗಿಂತ ಅಗಲದ ಹೆಜ್ಜೆಗಳು ಹೋಗಿದ್ದವು.

"ಅಮ್ಮೀ, ಕೂಗ್ಬ್ಯಾಡ. ಬಿರ್ನೆ ಒಳಕ್ಕೆ ಬಾ."

ಗಂಡನ ದನಿ ಪಂಪಿನ ಮನೆಯಿಂದ ಬಂತು. ಹುಲಿ ಕಂಡು ಓಡುವಾಗ ಫೋನು ಎಲ್ಲೋ ಬಿದ್ದು, ಬೆಳಗಿನಿಂದ ಬಾಗಿಲು ಹಾಕಿಕೊಂಡು ಕೂತಿದ್ದರು. ಮೈಗೆ ಒಂದು ಗೀರೂ ಇರಲಿಲ್ಲ. ದೇವರು ಅಷ್ಟು ಕೊಟ್ಟ. ನನ್ನ ಫೋನಿನಿಂದ ಊರಿನವರನ್ನು ಕರೆಸಿ, ಆಗಲೇ ಕಲ್ಲನ್ನು ಕಾಡಿನ ಕಡೆ ತಿರುಗಿಸಿದೆವು.

ಹೆಜ್ಜೆಗಳು ಮಾತ್ರ ಊರಿಗೆ ಅಂಟಿಕೊಂಡಿರುವ ಕಬ್ಬಿನ ಗದ್ದೆಯೊಳಗೆ ಹೋಗಿದ್ದವು. ಹೊರಗೆ ಬಂದ ಗುರುತು ಇವತ್ತಿಗೂ ಸಿಕ್ಕಿಲ್ಲ.